ಕರ್ಸರ್ ಕದಲದೆ ಕಾಪಿ: ಇಮ್ಯಾಕ್ಸ್‌ನ ಸೆಕೆಂಡರಿ ಸೆಲೆಕ್ಷನ್

ಬರೆಯುತ್ತಿರುವ ವಾಕ್ಯವನ್ನು ಅರ್ಧಕ್ಕೆ ಬಿಟ್ಟು, ಎರಡು ಪುಟ ಮೇಲಿರುವ ಪದವೊಂದನ್ನು ಕಾಪಿ ಮಾಡಿಕೊಂಡು ಮರಳುವಷ್ಟರಲ್ಲಿ ಏನು ಬರೆಯಲು ಹೊರಟಿದ್ದೆ ಎಂಬುದೇ ನನಗೆ ಮರೆತಿರುತ್ತದೆ. 1981ರಲ್ಲಿ ಬ್ರಿಟನ್ನಿನಲ್ಲಿ ಬಂದ ಬಿಬಿಸಿ ಮೈಕ್ರೊ ಕಂಪ್ಯೂಟರಿನಲ್ಲಿ ಇದಕ್ಕೊಂದು ಚೊಕ್ಕ ಉಪಾಯವಿತ್ತು: ಬಾಣದ ಕೀ ಒತ್ತಿದರೆ ಕರ್ಸರ್ ಎರಡಾಗುತ್ತಿತ್ತು, 'ಕಾಪಿ' ಕೀ ಒತ್ತಿದಂತೆಲ್ಲ ಎರಡನೆಯ ಕರ್ಸರ್ ಇದ್ದಲ್ಲಿನ ಅಕ್ಷರಗಳು ಒಂದೊಂದಾಗಿ ಬರೆಯುತ್ತಿದ್ದ ಸಾಲಿಗೆ ಬಂದು ಸೇರುತ್ತಿದ್ದವು. ವಿಎಸ್ ಕೋಡ್‌ನಂಥ ಇಂದಿನ ಎಡಿಟರ್‌ಗಳ ಬಹು ಕರ್ಸರ್ ಸೌಲಭ್ಯ ಇದಲ್ಲ. ಅಲ್ಲಿ ಎಲ್ಲ ಕರ್ಸರ್‌ಗಳೂ ಒಟ್ಟಿಗೇ ಟೈಪ್ ಮಾಡುತ್ತವೆ.

ಆ ಹಳೆಯ ಉಪಾಯಕ್ಕೆ ಹತ್ತಿರವಾದದ್ದು ನನಗೆ ಸಿಕ್ಕಿದ್ದು ಇಮ್ಯಾಕ್ಸ್ ಎಂಬ ಪಠ್ಯ ಎಡಿಟರ್‌ನ ಸೆಕೆಂಡರಿ ಸೆಲೆಕ್ಷನ್‌ನಲ್ಲಿ, ಅಂದರೆ ಎರಡನೆಯ ಆಯ್ಕೆಯಲ್ಲಿ. ಆಲ್ಟ್ ಕೀ ಹಿಡಿದು ಮೌಸಿನಿಂದ ಎಳೆದರೆ ಆ ಭಾಗಕ್ಕೆ ಬೇರೆಯದೇ ಬಣ್ಣ ಬರುತ್ತದೆ. ಮೂಲ ಕರ್ಸರ್, ಮೊದಲೇ ಮಾಡಿದ್ದ ಆಯ್ಕೆ, ಕಾಪಿಯಾಗಿ ಕುಳಿತಿದ್ದ ಪಠ್ಯ ಯಾವುದೂ ಅಲುಗುವುದಿಲ್ಲ. ಆಲ್ಟ್ ಹಿಡಿದು ಮೌಸಿನ ನಡುವಿನ ಗುಂಡಿ ಒತ್ತಿದರೆ ಪೇಸ್ಟ್. ದೀರ್ಘ ಲೇಖನವೊಂದರಲ್ಲಿ 'ಶ್ರವಣಬೆಳಗೊಳ' ಒಂದೆಡೆ, 'ಶ್ರವಣಬೆಳ್ಗೊಳ' ಇನ್ನೊಂದೆಡೆ ನುಸುಳಿದ್ದನ್ನು ಸರಿಪಡಿಸುವಾಗ ಇದರ ಬೆಲೆ ತಿಳಿಯಿತು. ಒಪ್ಪಿಕೊಂಡ ರೂಪವನ್ನು ಒಮ್ಮೆ ಬಣ್ಣ ಹಚ್ಚಿ ಇಟ್ಟುಕೊಂಡೆ. ನಡುನಡುವೆ ಬೇರೆ ವಾಕ್ಯಗಳನ್ನು ಕತ್ತರಿಸಿ ಅಂಟಿಸಿದರೂ ಅದು ಇದ್ದಲ್ಲೇ ಇತ್ತು.

ಆದರೆ ಒಂದು ಅಡಚಣೆಯನ್ನು ಮೊದಲೇ ನಿವಾರಿಸಿಕೊಳ್ಳಬೇಕು. ಹೊಸದಾಗಿ ಹಾಕಿಕೊಂಡ ಇಮ್ಯಾಕ್ಸ್‌ನಲ್ಲಿ ಪೇಸ್ಟ್ ಆಗುವುದು ಮೌಸ್ ಒತ್ತಿದ ಜಾಗದಲ್ಲಿ, ಕರ್ಸರ್ ಇರುವಲ್ಲಿ ಅಲ್ಲ. ಕೈ ಚೂರು ಜಾರಿದರೂ ಪದ ಪಕ್ಕದ ಸಾಲಿಗೆ ಹೋಗಿ ಬೀಳುತ್ತದೆ. ಕರ್ಸರ್ ಇರುವಲ್ಲೇ ಪೇಸ್ಟ್ ಆಗುವಂತೆ ಮಾಡುವ 'ಮೌಸ್-ಯಾಂಕ್-ಅಟ್-ಪಾಯಿಂಟ್' ಎಂಬ ಸೆಟ್ಟಿಂಗನ್ನು ಚಾಲೂ ಮಾಡಿದ ಮೇಲಷ್ಟೇ ಈ ಸೌಲಭ್ಯ ನನಗೆ ನಿಜವಾಗಿ ಉಪಯೋಗಕ್ಕೆ ಬಂದಿತು, ಮತ್ತು ಮೊದಲಿನಿಂದಲೇ ಹಾಗಿರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಲಿನಕ್ಸಿನ ಕೆಲವು ಡೆಸ್ಕ್‌ಟಾಪ್‌ಗಳು ಆಲ್ಟ್ ಹಿಡಿದು ಎಳೆಯುವುದನ್ನು ಇಡೀ ವಿಂಡೋ ಸರಿಸಲು ಬಳಸುವುದರಿಂದ ಅಲ್ಲಿಯೂ ಕೀ ಬದಲಿಸಬೇಕಾಗುತ್ತದೆ.

ಇನ್ನು ಕೀಬೋರ್ಡ್ ಬಿಟ್ಟು ಕೈ ಎತ್ತದವರಿಗೆ ಇದು ಒಗ್ಗದು, ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ನೆಚ್ಚಿದವರಿಗಂತೂ ನಡುವಿನ ಗುಂಡಿಯೇ ಸಾಮಾನ್ಯವಾಗಿ ಇರುವುದಿಲ್ಲ. ನಾನು ಇದಕ್ಕೆಂದೇ ಚಕ್ರವಿರುವ ಸಾದಾ ಮೌಸೊಂದನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಚಕ್ರವನ್ನು ಒತ್ತಿದರೆ ಅದೇ ನಡುವಿನ ಗುಂಡಿ.