ಪ್ರೆಸೆಂಟೇಶನ್ ಟ್ರೇನಿಂಗ್‌ಗೆ ಹೋಗಿ ಬಂದೆ: ಮೊದಲ ದಿನಕ್ಕೆ ಐದು, ಎರಡನೇ ದಿನ ಬೆಳಗ್ಗೆಗೆ ಸೊನ್ನೆ

ಒಟ್ಟು ಸೇರಿಸಿದರೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಎರಡು ದಿನದ ಟ್ರೇನಿಂಗು, ಹದಿನೆಂಟು ಜನ, ಇಬ್ಬರು ಟ್ರೇನರ್‌ಗಳು. ಬೈಯುವುದೂ ಸ್ವಲ್ಪ ಇರುವುದರಿಂದ ಸಂಸ್ಥೆಯ ಹೆಸರು ಬೇಡ. ಆದರೆ ಇಂಥದಕ್ಕೆ ಸೇರಬೇಕು ಅಂದುಕೊಂಡವರು ಮುಂಚೆಯೇ ಏನು ಕೇಳಿ ತಿಳಿದುಕೊಳ್ಳಬೇಕು ಅನ್ನುವುದು ಇದರಿಂದ ಗೊತ್ತಾಗಬಹುದು.

ನಾನು ಯಾಕೆ ಹೋದೆ ಅಂತ ಮೊದಲು ಹೇಳಬೇಕು. ಮೂರು ತಿಂಗಳಿಗೊಮ್ಮೆ ನಮ್ಮ ವಿಭಾಗದ ಕೆಲಸ ಹೇಗೆ ನಡೆದಿದೆ ಅಂತ ಮೇಲಿನವರ ಮುಂದೆ ಒಪ್ಪಿಸಬೇಕು. ಅರ್ಧ ಗಂಟೆ ಸಮಯ. ನಾನು ಒಯ್ದಿದ್ದು 42 ಸ್ಲೈಡು. ಹನ್ನೊಂದನೇ ಸ್ಲೈಡಿಗೆ ಬರುವಷ್ಟರಲ್ಲಿ ಅರ್ಧ ಗಂಟೆ ಮುಗಿದಿತ್ತು, ಎದುರಿಗಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಎಲ್ಲ ಸರಿ, ಈಗ ನಮ್ಮಿಂದ ನಿಮಗೆ ಏನಾಗ್ಬೇಕು?" ಅಂದರು. ಅದು 39ನೇ ಸ್ಲೈಡಿನಲ್ಲಿತ್ತು. ನಾನು ನಿಂತಲ್ಲೇ ಕ್ಲಿಕ್ಕರ್ ಒತ್ತುತ್ತಾ ಹೋದೆ, ಸ್ಲೈಡುಗಳು ಒಂದರ ಹಿಂದೊಂದು ಓಡಿದವು, ಪ್ರತಿಯೊಂದರಲ್ಲೂ ನಾನೇ ಹಾಕಿದ್ದ ಅನಿಮೇಶನ್ನು, ಅಕ್ಷರಗಳು ಒಂದೊಂದೇ ತೇಲಿಕೊಂಡು ಬರುವುದು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮುಂದಿನ ವಾರವೇ ನನ್ನ ಹೆಸರನ್ನು ಟ್ರೇನಿಂಗಿಗೆ ಕಳಿಸಿದರು. ಫೀಸು ಆಫೀಸಿನದು. ನನ್ನ ಜೇಬಿನಿಂದ ಹೋಗಿದ್ದರೆ ಈ ಮೂರೂವರೆ ಇನ್ನೂ ಅರ್ಧ ಕಮ್ಮಿ ಆಗುತ್ತಿತ್ತೋ ಏನೋ.

ಮೊದಲ ದಿನ ಬಾಗಿಲಲ್ಲೇ ಎಲ್ಲರ ಲ್ಯಾಪ್‌ಟಾಪ್ ತೆಗೆದುಕೊಂಡು ಹಿಂದಿನ ಮೇಜಿನ ಮೇಲೆ ಸಾಲಾಗಿ ಇಟ್ಟುಬಿಟ್ಟರು. ಪ್ರೊಜೆಕ್ಟರ್ ಆಫ್. ಕೈಗೆ ಒಂದು ಹಾಳೆ, ಒಂದು ಪೆನ್ನು. ಟ್ರೇನರ್ ಮೇಡಂ ಹೇಳಿದ್ದು ಇಷ್ಟೇ: ನಿಮ್ಮ ಮಾತು ಕೇಳಿದವರು ಹೊರಗೆ ಹೋದಮೇಲೆ ಯಾರೋ ಸಿಕ್ಕಿ "ಒಳಗೆ ಏನಂದ್ರು?" ಅಂತ ಕೇಳುತ್ತಾರೆ, ಅವರು ಕೊಡಬೇಕಾದ ಉತ್ತರವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ.

ಸುಲಭ ಅನ್ನಿಸಿತು. ನಾನು ಬರೆದೆ: "ಗ್ರಾಹಕ ಸೇವಾ ವಿಭಾಗದ ಮೂರು ತಿಂಗಳ ಕಾರ್ಯಾಚರಣೆಯ ಸಮಗ್ರ ಅವಲೋಕನ." ಮೇಡಂ ಓದಿ, "ಇದು ಬೋರ್ಡು. ಹೊರಗೆ ಹೋದವರು ಹೀಗೆ ಮಾತಾಡ್ತಾರಾ?" ಅಂದರು. ಎರಡನೇ ಸಲ, "ನಮ್ಮಲ್ಲಿ ಫೋನ್ ಕರೆಗಳು ಜಾಸ್ತಿಯಾಗಿವೆ." ಆಗಲಿ, ಅದಕ್ಕೇನೀಗ? ಮೂರನೇ ಸಲ, "ಸಿಬ್ಬಂದಿ ಕೊರತೆ ಇದೆ." ಎಲ್ಲ ವಿಭಾಗದವರೂ ಹೇಳುವುದು ಅದನ್ನೇ ಅಲ್ವಾ? ಹೀಗೆ ಹೊಡೆದು ಹಾಕಿ ಹೊಡೆದು ಹಾಕಿ ಐದನೇ ಸಲಕ್ಕೆ ಹಾಳೆಯ ಮೂಲೆಯಲ್ಲಿ ಉಳಿದಿದ್ದ ಜಾಗದಲ್ಲಿ ಬರೆದೆ: "ಬೆಳಗ್ಗೆ 9ರಿಂದ 11ರವರೆಗೆ ಬರುವ ಫೋನ್ ಎತ್ತಲು ಇನ್ನಿಬ್ಬರು ಬೇಕು." ಮೇಡಂ ಏನೂ ಹೇಳದೆ ಮುಂದಿನವರ ಹತ್ತಿರ ಹೋದರು. ಪಾಸ್ ಅಂತ ಅರ್ಥ.

ಈ ಒಂದು ಸಾಲಿಗೆ ನನಗೆ ಐವತ್ತು ನಿಮಿಷ ಹಿಡಿಯಿತು. ಆಮೇಲೆ ನನ್ನ 42 ಸ್ಲೈಡನ್ನು ನೆನಪು ಮಾಡಿಕೊಂಡು ನೋಡಿದರೆ, ಈ ಸಾಲಿಗೆ ಬೇಕಾದ್ದು ಆರೇ ಆರು. ಉಳಿದ 36 ಸ್ಲೈಡು ನಾನು ಕೆಲಸ ಮಾಡಿದ್ದೇನೆ ಅಂತ ತೋರಿಸಿಕೊಳ್ಳಲು ಹಾಕಿದ್ದು. ಈ ಟ್ರೇನಿಂಗಿನಿಂದ ನನಗೆ ದಕ್ಕಿದ್ದರಲ್ಲಿ ಇದೇ ದೊಡ್ಡದು. ಇಷ್ಟು ವರ್ಷ ನಾನು ಪ್ರೆಸೆಂಟೇಶನ್ ಅಂದರೆ ಮೊದಲು ಪವರ್‌ಪಾಯಿಂಟ್ ತೆರೆಯುತ್ತಿದ್ದೆ, ಹಳೆಯ ಫೈಲನ್ನು ಕಾಪಿ ಮಾಡಿ ತಾರೀಕು ಬದಲಿಸುತ್ತಿದ್ದೆ, ಆಮೇಲೆ ಅದಕ್ಕೆ ತಕ್ಕ ಮಾತು ಹುಡುಕುತ್ತಿದ್ದೆ.

ಮಧ್ಯಾಹ್ನ ಕೇಳುವವರ ಬಗ್ಗೆ. ಯಾರು ಕೂರುತ್ತಾರೆ, ಅವರಿಗೆ ಈಗಾಗಲೇ ಏನು ಗೊತ್ತು, ನಾವು ಹೇಳಿದ್ದಕ್ಕೆ ಒಪ್ಪಿದರೆ ಅವರಿಗೆ ಏನು ಕಷ್ಟ, "ಆಗಲ್ಲ" ಅನ್ನುವವರು ಯಾರು. ನಮ್ಮ ಬ್ಯಾಚಿನಲ್ಲಿ ಯಂತ್ರಗಳ ಮೆಂಟೆನೆನ್ಸ್ ನೋಡಿಕೊಳ್ಳುವವರೊಬ್ಬರು ಇದ್ದರು. ಅವರು ಒಂದೇ ಫೈಲನ್ನು ಯಂತ್ರ ನಡೆಸುವವರಿಗೂ ತೋರಿಸುತ್ತಿದ್ದರಂತೆ, ದುಡ್ಡು ಮಂಜೂರು ಮಾಡುವವರಿಗೂ ತೋರಿಸುತ್ತಿದ್ದರಂತೆ. ಯಂತ್ರ ನಡೆಸುವವರಿಗೆ ಬೇಕಾದ್ದು ಯಾವ ಬೋಲ್ಟು ಯಾವಾಗ ಬಿಗಿ ಮಾಡಬೇಕು ಅಂತ, ದುಡ್ಡು ಕೊಡುವವರಿಗೆ ಬೇಕಾದ್ದು ಯಂತ್ರ ನಿಂತರೆ ಎಷ್ಟು ನಷ್ಟ ಅಂತ. ಆ ಮೆಂಟೆನೆನ್ಸಿನವರೇ ಎದ್ದು ನಿಂತು, "ಇಷ್ಟು ದಿನ ಇಬ್ಬರಿಗೂ ಬೇಡವಾದ್ದನ್ನೇ ಹೇಳ್ತಿದ್ದೆ ನೋಡಿ" ಅಂದಾಗ ಇಡೀ ಕೋಣೆ ನಕ್ಕಿತು, ನಕ್ಕವರೆಲ್ಲ ತಂತಮ್ಮ ಫೈಲು ನೆನೆಸಿಕೊಂಡೇ ನಕ್ಕಿದ್ದು.

ಸ್ಲೈಡುಗಳ ವಿಷಯ ಬಂದಿದ್ದು ಸಂಜೆಗೆ. ಮೇಡಂ ಒಂದೇ ಒಂದು ಉದಾಹರಣೆ ಹಿಡಿದುಕೊಂಡು ಅರ್ಧ ಗಂಟೆ ಮಾತಾಡಿದರು, ಅದು ಕೊಲಂಬಿಯಾ ಬಾಹ್ಯಾಕಾಶ ನೌಕೆಯದು. 2003ರ ಜನವರಿಯಲ್ಲಿ ನೌಕೆ ಮೇಲೇರುವಾಗ ಫೋಮ್ ತುಂಡೊಂದು ಕಳಚಿ ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಮೇಲೆ ಇರುವಾಗಲೇ ಎಂಜಿನಿಯರುಗಳು ನಾಸಾದವರಿಗೆ ಸ್ಲೈಡುಗಳಲ್ಲಿ ವರದಿ ಕೊಟ್ಟರು. ಅದರಲ್ಲಿ ಒಂದು ಸ್ಲೈಡಿನ ಹೆಡ್ಡಿಂಗ್ ಓದಿದರೆ ಭಯಪಡುವಂಥದ್ದೇನಿಲ್ಲ ಅನ್ನಿಸುತ್ತದೆ. ಅದರ ಕೆಳಗೆ ಬುಲೆಟ್ಟು, ಬುಲೆಟ್ಟಿನ ಒಳಗೆ ಬುಲೆಟ್ಟು. ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ, ಅಸಲು ವಿಷಯ: ಫೋಮ್ ಬಡಿದರೆ ಏನಾಗುತ್ತದೆ ಅಂತ ಪರೀಕ್ಷೆ ಮಾಡಿದ್ದು 3 ಘನ ಅಂಗುಲದ ತುಂಡಿನಿಂದ, ಬಡಿದಿದ್ದು 1920 ಘನ ಅಂಗುಲದ್ದು. ಅಂದರೆ 640 ಪಟ್ಟು ದೊಡ್ಡದು! ಫೆಬ್ರವರಿ 1ರಂದು ನೌಕೆ ಇಳಿಯುವಾಗ ಒಡೆದುಹೋಗಿ ಏಳೂ ಜನ ಸತ್ತರು. ಆ ಸ್ಲೈಡನ್ನು ಸಾಲು ಸಾಲಾಗಿ ಬಿಡಿಸಿ ತೋರಿಸಿದವರು ಅಂಕಿಅಂಶ ತೋರಿಸುವ ಬಗೆಯ ಬಗ್ಗೆ ಪುಸ್ತಕ ಬರೆದ ಎಡ್ವರ್ಡ್ ಟಫ್ಟಿ, ತನಿಖಾ ಮಂಡಳಿಯ ವರದಿಯಲ್ಲೂ ಅದು ಸೇರಿತು. ಸ್ಲೈಡ್ ಒಂದರಿಂದಲೇ ಹಾಗಾಯಿತು ಅಂತ ಮೇಡಂ ಹೇಳಲಿಲ್ಲ, ಯಾರೂ ಹೇಳಬಾರದು ಕೂಡ. "ನಿಮ್ಮ ಫೈಲಲ್ಲಿ ಆ 640 ಎಲ್ಲಿದೆ ಹುಡುಕಿ" ಅಂದರು, ಅಷ್ಟೇ. ನನ್ನದು ಎಲ್ಲಿತ್ತು ಅಂತ ನಿಮಗೆ ಗೊತ್ತೇ ಇದೆ.

ಆಮೇಲೆ ಲ್ಯಾಪ್‌ಟಾಪ್ ವಾಪಸ್ ಸಿಕ್ಕಿತು. "ಕರೆಗಳ ವಿವರ" ಅಂತಿದ್ದ ಹೆಡ್ಡಿಂಗ್ ತೆಗೆದು "ಅರ್ಧದಷ್ಟು ಕರೆ ಮೊದಲ ಎರಡು ಗಂಟೆಯಲ್ಲೇ ಬರುತ್ತವೆ" ಅಂತ ಪೂರ್ತಿ ವಾಕ್ಯ ಹಾಕಿದೆ. ಗ್ರಾಫಿನಲ್ಲಿ ಏಳು ಬಣ್ಣ ಇದ್ದವು, ಎಲ್ಲವನ್ನೂ ಬೂದು ಮಾಡಿ 9ರಿಂದ 11ರ ಕಂಬಗಳಿಗೆ ಮಾತ್ರ ಕೆಂಪು ಕೊಟ್ಟೆ. ಅಕ್ಷರದ ಸೈಜಿಗೆ ಹೂಡಿಕೆದಾರ, ಲೇಖಕ ಗೈ ಕಾವಾಸಾಕಿ ಹೇಳಿದ 10-20-30 ಲೆಕ್ಕ ಕೊಟ್ಟರು: ಹತ್ತು ಸ್ಲೈಡು, ಇಪ್ಪತ್ತು ನಿಮಿಷ, ಮೂವತ್ತು ಪಾಯಿಂಟಿಗಿಂತ ಸಣ್ಣ ಅಕ್ಷರ ಬೇಡ. ಬಂಡವಾಳ ಹಾಕುವವರ ಮುಂದೆ ನಿಲ್ಲುವವರಿಗೆ ಅಂತ ಅವರು ಹೇಳಿದ್ದು, ಎಲ್ಲ ಕಡೆ ಹತ್ತೇ ಸ್ಲೈಡು ಅಂತ ಹಟ ಹಿಡಿಯಬೇಕಿಲ್ಲ. ಆದರೆ 30 ಪಾಯಿಂಟ್ ಅಕ್ಷರ ಹಾಕಿ ನೋಡಿ, ಪ್ಯಾರಾಗಟ್ಟಲೆ ಬರೆಯೋಕೆ ಜಾಗವೇ ಇರುವುದಿಲ್ಲ. ಪೂರ್ತಿ ಅಂಕಿಅಂಶ ಬೇಕು ಅನ್ನುವವರಿಗೆ ಬೇರೆ ಹಾಳೆ ಪ್ರಿಂಟ್ ಮಾಡಿ ಕೊಡಿ ಅಂದರು. ಪರದೆ ಮೇಲಿನ ಸಾಲನ್ನೇ ನಾವೂ ಓದುತ್ತಾ ನಿಂತರೆ ಕೇಳುವವರು ಕಣ್ಣಲ್ಲಿ ಒಂದು, ಕಿವಿಯಲ್ಲಿ ಒಂದು ಅಂತ ಎರಡೂ ಕಡೆ ಎಳೆದಾಡಿ ಯಾವುದನ್ನೂ ಸರಿಯಾಗಿ ಹಿಡಿಯುವುದಿಲ್ಲ, ಇದನ್ನು ರಿಚರ್ಡ್ ಮೇಯರ್ ಅನ್ನುವ ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿಯೇ ತೋರಿಸಿದ್ದಾರೆ.

ಇಲ್ಲಿಗೆ ಮೊದಲ ದಿನ ಮುಗಿಯಿತು. ಖುಷಿಯಲ್ಲಿ ಹೋದೆ.

ಎರಡನೇ ದಿನ ಬೆಳಗ್ಗೆ ಇನ್ನೊಬ್ಬ ಟ್ರೇನರ್. ಒಳ್ಳೆಯ ಕೋಟು, ಒಳ್ಳೆಯ ದನಿ. ಮೊದಲ ಸ್ಲೈಡಿನಲ್ಲೇ ಆ ಹಳೇ ವೃತ್ತ: ಮಾತಿನಲ್ಲಿ ಪದಗಳ ಪಾಲು 7 ಪರ್ಸೆಂಟು, ದನಿಯದು 38, ದೇಹದ ಹಾವಭಾವದ್ದು 55. ಇದು 1967ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ ಮತ್ತು ಜೊತೆಗಾರರು ಮಾಡಿದ ಎರಡು ಪ್ರಯೋಗಗಳಿಂದ ತೆಗೆದ ಲೆಕ್ಕ. ಅಲ್ಲಿ ಒಂದೊಂದೇ ಪದವನ್ನು ಬೇರೆಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೊ ತೋರಿಸಿ, ಹೇಳುವವರ ಮನಸ್ಸಿನಲ್ಲಿ ಇಷ್ಟ ಇದೆಯೋ ಇಲ್ಲವೋ ಊಹಿಸಿ ಅಂದಿದ್ದರು. ಭಾವನೆಯ ಮಾತಿಗಷ್ಟೇ ಇದು ಅಂತ ಸ್ವತಃ ಅವರೇ ಸ್ಪಷ್ಟ ಮಾಡಿದ್ದಾರೆ. ನಾನು ಕೈ ಎತ್ತಿ, "ಸರ್, ಹಾಗಾದ್ರೆ ಗೊತ್ತಿಲ್ಲದ ಭಾಷೆಯ ವಾರ್ತೆ ನೋಡಿದ್ರೂ 93 ಭಾಗ ಸುದ್ದಿ ತಿಳೀಬೇಕಲ್ವಾ?" ಅಂದೆ. "ಒಳ್ಳೆ ಪ್ರಶ್ನೆ, ಬ್ರೇಕಲ್ಲಿ ಮಾತಾಡೋಣ" ಅಂದರು. ಬ್ರೇಕಲ್ಲಿ ಅವರು ಫೋನಿನಲ್ಲಿದ್ದರು. ಅದರ ಹಿಂದೆಯೇ ಮನುಷ್ಯರ ಗಮನ ಎಂಟೇ ಸೆಕೆಂಡು, ಗೋಲ್ಡ್‌ಫಿಶ್‌ಗಿಂತ ಕಮ್ಮಿ ಅನ್ನುವ ಸ್ಲೈಡು ಬಂತು. ಅದಕ್ಕೂ ಗಟ್ಟಿ ಆಧಾರ ಇಲ್ಲ. ಎಂಟು ಸೆಕೆಂಡಿನ ಜನರನ್ನು ಕೂರಿಸಿಕೊಂಡು ಅವರು ಎರಡೂವರೆ ಗಂಟೆ ಮಾತಾಡಿದರು, ಅದು ಬೇರೆ ಮಾತು.

ಮಧ್ಯಾಹ್ನ ಮತ್ತೆ ಮೇಡಂ ಬಂದರು, ಜೀವ ಬಂತು. ಹಿಂದಿನ ಸಂಜೆ ಎಲ್ಲರದ್ದೂ ಐದೈದು ನಿಮಿಷದ ವಿಡಿಯೊ ತೆಗೆದಿದ್ದರು. ಮೊದಲು ಸೌಂಡ್ ಇಲ್ಲದೆ ಡಬಲ್ ಸ್ಪೀಡಿನಲ್ಲಿ ಹಾಕಿದರು. ನಾನು ಗಡಿಯಾರದ ಲೋಲಕದ ಹಾಗೆ ಎಡಕ್ಕೆ ಬಲಕ್ಕೆ ತೂಗುತ್ತಿದ್ದೆ. ಬಲಗೈ ಹೆಬ್ಬೆರಳು ಉಂಗುರವನ್ನು ತಿರುಗಿಸುತ್ತಲೇ ಇತ್ತು. ಆಮೇಲೆ ಸೌಂಡ್ ಹಾಕಿ, ಪಕ್ಕದವರ ಕೈಗೆ ಪೆನ್ನು ಕೊಟ್ಟು ನನ್ನ "ಅಂದ್ರೆ"ಗಳಿಗೆ ಗೀಟು ಎಳೆಯಿರಿ ಅಂದರು. 31 ಗೀಟು. "ಬೇಸಿಕಲಿ" ಬೇರೆ ಹತ್ತು. ಬಿಡಿಸಿಕೊಳ್ಳೋಕೆ ಮೇಡಂ ಹೇಳಿದ ದಾರಿ ಒಂದೇ, ಬಾಯಿ ಮುಚ್ಚುವುದು. "ಅಂದ್ರೆ" ಬರುವ ಜಾಗದಲ್ಲಿ ಸುಮ್ನೆ ನಿಲ್ಲಿ. ನಿಂತಾಗ ಒಂದು ಯುಗ ಕಳೆದ ಹಾಗೆ ಅನ್ನಿಸುತ್ತದೆ, ವಿಡಿಯೊದಲ್ಲಿ ನೋಡಿದರೆ ಎರಡು ಸೆಕೆಂಡೂ ಇಲ್ಲ, ಮೇಲಾಗಿ ಏನೋ ಯೋಚನೆ ಮಾಡಿ ಮಾತಾಡುವವನ ಹಾಗೆ ಕಾಣುತ್ತೇವೆ.

ಆಮೇಲಿನದು ನನಗೆ ತುಂಬಾ ಹಿಡಿಸಿದ ಆಟ. ಮಾತಾಡುತ್ತಿರುವಾಗ ಹಿಂದಿನಿಂದ ಬಂದು ಕೇಬಲ್ ಎಳೆದುಬಿಡುವುದು. ಪರದೆ ನೀಲಿ. ಇಲ್ಲವೇ ಕಿವಿಯಲ್ಲಿ, "ಹತ್ತು ನಿಮಿಷ ಅಂದಿದ್ದೆ, ಈಗ ನಾಲ್ಕೇ" ಅನ್ನುವುದು. ಒಬ್ಬರು ಕೇಬಲ್ ಹೋದ ಕೂಡಲೇ ಬಗ್ಗಿ ತಂತಿ ಹುಡುಕುತ್ತಾ, ಜನಕ್ಕೆ ಬೆನ್ನು ಕೊಟ್ಟು ಒಂದು ನಿಮಿಷ ಕಳೆದರು. ನನ್ನ ಸರದಿ ಬಂದಾಗ ಆ ಒಂದು ಸಾಲು ನೆನಪಿತ್ತು. ಪರದೆ ಇಲ್ಲದೆಯೇ ಬಿಳಿ ಬೋರ್ಡಿನ ಮೇಲೆ ಎರಡು ಕಂಬ ಗೀಚಿ ಮುಗಿಸಿದೆ. ಕೈ ನಡುಗಿದ್ದು ನಿಜ.

ಸಣ್ಣಪುಟ್ಟ ಕಲಿಕೆ ಇನ್ನೂ ಇವೆ. ಪವರ್‌ಪಾಯಿಂಟಿನಲ್ಲಿ ಸ್ಲೈಡ್ ಶೋ ನಡೆಯುವಾಗ ಬಿ ಕೀ ಒತ್ತಿದರೆ ಪರದೆ ಕಪ್ಪಾಗುತ್ತದೆ, ಎಲ್ಲರ ಕಣ್ಣೂ ನಮ್ಮ ಕಡೆ ತಿರುಗುತ್ತದೆ, ಮತ್ತೆ ಒತ್ತಿದರೆ ಸ್ಲೈಡ್ ವಾಪಸ್. ಸ್ಲೈಡಿನ ನಂಬರ್ ಟೈಪ್ ಮಾಡಿ ಎಂಟರ್ ಒತ್ತಿದರೆ ನೇರ ಅಲ್ಲಿಗೇ ಹೋಗುತ್ತದೆ. 39, ಎಂಟರ್. ಇದೊಂದು ಗೊತ್ತಿದ್ದಿದ್ದರೆ ಆವತ್ತು ನನ್ನ ಮಾನ ಉಳಿಯುತ್ತಿತ್ತು. ಪಿಡಿಎಫ್ ಒಂದು ಪ್ರತಿ ಪೆನ್ ಡ್ರೈವಿನಲ್ಲಿ ಇರಲಿ, ಬೇರೆಯವರ ಕಂಪ್ಯೂಟರಿನಲ್ಲಿ ನಮ್ಮ ಫಾಂಟ್ ಇಲ್ಲದಿದ್ದರೆ ಅಕ್ಷರವೆಲ್ಲ ಡಬ್ಬಿ ಡಬ್ಬಿಯಾಗಿ ಕಾಣುತ್ತವೆ. ಪ್ರಾಕ್ಟೀಸ್ ಮಾಡುವಾಗ ಮನಸ್ಸಿನಲ್ಲಿ ಓದಿಕೊಳ್ಳಬೇಡಿ, ಎದ್ದು ನಿಂತು ಬಾಯಿಬಿಟ್ಟು ಹೇಳಿ, ಗಡಿಯಾರ ಇಟ್ಟುಕೊಂಡು. ಮೊದಲ ನಿಮಿಷ, ಕೊನೆಯ ನಿಮಿಷ ಬಾಯಿಪಾಠ ಇರಲಿ, ನಡುವಿನದು ಬೇಡ. ಪ್ರಶ್ನೆಗಳನ್ನು ತೀರಾ ಕೊನೆಗೆ ಇಡಬೇಡಿ, ಪ್ರಶ್ನೆ ಮುಗಿದ ಮೇಲೆ ನಿಮ್ಮ ಆ ಒಂದು ಸಾಲನ್ನು ಇನ್ನೊಮ್ಮೆ ಹೇಳಿ ಕೂರಿ. ಇಲ್ಲದಿದ್ದರೆ ಯಾರೋ ಕೇಳಿದ ಅಡ್ಡ ಪ್ರಶ್ನೆಯೇ ಎಲ್ಲರ ತಲೆಯಲ್ಲಿ ಉಳಿಯುತ್ತದೆ.

ಇನ್ನು ದೂರುಗಳು. ಹದಿನೆಂಟು ಜನ ಜಾಸ್ತಿಯಾಯಿತು. ಎರಡು ದಿನದಲ್ಲಿ ನನಗೆ ಸಿಕ್ಕಿದ್ದು ಎರಡೇ ಸರದಿ. ಹನ್ನೆರಡಕ್ಕಿಂತ ಹೆಚ್ಚಿದ್ದರೆ ಸೇರುವ ಮುಂಚೆ ಯೋಚನೆ ಮಾಡಿ. ಕೊಟ್ಟ ಪುಸ್ತಕ ಅಂದರೆ ಅವರದೇ ಸ್ಲೈಡುಗಳು, ಪುಟಕ್ಕೆ ಆರರಂತೆ ಪ್ರಿಂಟ್ ಹಾಕಿದ್ದು, ಭೂತಗನ್ನಡಿ ಬೇಕು. ಮೇಡಂ ಹೇಳಿಕೊಟ್ಟಿದ್ದನ್ನು ಅವರ ಸಂಸ್ಥೆಯೇ ಕೇಳಿಸಿಕೊಂಡಿಲ್ಲ! ತಿಂಗಳಾದ ಮೇಲೆ ಆನ್‌ಲೈನಿನಲ್ಲಿ ಮತ್ತೊಮ್ಮೆ ಸೇರೋಣ ಅಂದಿದ್ದರು. ಎರಡು ಮೇಲ್ ಕಳಿಸಿದೆ, ಉತ್ತರ ಇಲ್ಲ.

ಉಪಯೋಗ ಆಯಿತಾ ಅಂದರೆ, ಆಯಿತು. ಮುಂದಿನ ಮೀಟಿಂಗಿಗೆ ಆರು ಸ್ಲೈಡು ಒಯ್ದೆ, ಹನ್ನೆರಡು ನಿಮಿಷಕ್ಕೆ ಮುಗಿಸಿದೆ. ಕನ್ನಡಕದ ಹಿರಿಯರು ಈ ಸಲ ಕನ್ನಡಕ ತೆಗೆಯಲಿಲ್ಲ, ಕೆಂಪು ಕಂಬದ ಬಗ್ಗೆಯೇ ನಾಲ್ಕು ಪ್ರಶ್ನೆ ಕೇಳಿದರು. ಕೇಳಿದ್ದು ಇಬ್ಬರನ್ನು, ಕೊಟ್ಟಿದ್ದು ಒಬ್ಬರನ್ನು. "ಅಂದ್ರೆ" ಇನ್ನೂ ಪೂರ್ತಿ ಹೋಗಿಲ್ಲ.

ಹೋಗುವವರು ಮೊದಲ ದಿನದ್ದಷ್ಟಕ್ಕೇ ಬೇರೆ ಫೀಸು ಇದೆಯಾ ಕೇಳಿ, ಇದ್ದರೆ ಅದಕ್ಕೇ ಸೇರಿ. ಎರಡೂ ದಿನ ಇರುವುದಾದರೆ, ವಿಡಿಯೊಗೆ ಹೆಸರು ಬರೆಸುವ ಪಟ್ಟಿ ಬಂದಾಗ ಸಂಕೋಚ ಮಾಡದೆ ಮೊದಲ ಐದರೊಳಗೆ ಬರೆಸಿ. ಕೊನೆಯ ನಾಲ್ಕು ಜನರ ವಿಡಿಯೊವನ್ನು ಹೊತ್ತಾಯಿತು ಅಂತ ಒಂದೊಂದೇ ನಿಮಿಷ ಹಾಕಿ ನಿಲ್ಲಿಸಿದರು, ಅವರ ಗೀಟುಗಳನ್ನು ಯಾರೂ ಎಣಿಸಲಿಲ್ಲ.