ಗ್ಯಾಸ್ ಮಿಗ್ಗಾ, ಗ್ಯಾಸ್ ಇಲ್ಲದ ಮಿಗ್ಗಾ?

ರಾಯಚೂರಿನಲ್ಲಿ ಮನೆ ಹಿಂದಿನ ಶೆಡ್‌ಗೆ 200 ಆಂಪ್ ಮಿಗ್ ಮಷೀನ್ (ವೈರ್ ತಾನೇ ಬರುವ ವೆಲ್ಡಿಂಗ್ ಮಷೀನ್) ಹುಡುಕುತ್ತಿದ್ದೀರಾ? ಮೊದಲು ಎಲ್ಲಿ ಕೂತು ಕೆಲಸ ಮಾಡುತ್ತೀರಿ ಅಂತ ಯೋಚಿಸಿ.

ನಾಲ್ಕು ಗೋಡೆ ಇದ್ದರೆ ಸಿಒಟು ಗ್ಯಾಸ್, 0.8 ಎಂಎಂ ವೈರ್. ಕೈ ಕೂತರೆ 1.5 ಎಂಎಂ ಪೈಪನ್ನೂ ತೂತು ಬೀಳದಂತೆ ಕೂಡಿಸಬಹುದು. ಸ್ಲ್ಯಾಗ್, ಅಂದ್ರೆ ಬೆಸುಗೆ ಮೇಲೆ ಕೂರುವ ಕಿಟ್ಟ, ಕೆರೆಯುವ ಕೆಲಸ ಇಲ್ಲ. ಆದರೆ ಅಂಗಳದಲ್ಲಿ ಗಾಳಿ ಬೀಸಿತೋ, ಬೆಸುಗೆ ಕಾಯುವ ಗ್ಯಾಸ್ ಹಾರಿಹೋಗಿ ಬೆಸುಗೆ ತುಂಬ ಸಾಸಿವೆಯಂಥ ತೂತು. ನಮ್ಮ ಗೇಟಿನ ಮೂಲೆ ಹೀಗೇ ಕೆಟ್ಟು, ಪೂರ್ತಿ ಗ್ರೈಂಡ್ ಮಾಡಿ ಮತ್ತೆ ಹಾಕಿದೆ.

ಬಯಲಿಗೆ ಫ್ಲಕ್ಸ್ ವೈರೇ (ಒಳಗೆ ಪುಡಿ ತುಂಬಿದ, ಗ್ಯಾಸ್ ಬೇಡದ ವೈರ್) ಸರಿ. ಸಿಲಿಂಡರ್ ಬೇಡ. ಹೊಗೆ ಜಾಸ್ತಿ, ವೈರ್ ದುಬಾರಿ. ಟಾರ್ಚನ್ನು (ಕೈಯಲ್ಲಿ ಹಿಡಿಯುವ ವೆಲ್ಡಿಂಗ್ ಗನ್) ಮೈನಸ್‌ಗೆ ಬದಲಿಸಲು ಮರೆಯಬೇಡಿ.

ನಾನಾದರೆ ಎರಡೂ ಓಡುವ ಮಷೀನನ್ನೇ ತಗೊಳ್ಳುತ್ತೇನೆ. ಡ್ಯೂಟಿ ಸೈಕಲ್, ಅಂದ್ರೆ ಆರಲು ಬಿಡದೆ ಎಷ್ಟು ಹೊತ್ತು ಬೆಸೆಯಬಹುದು ಅನ್ನೋದು, ಸಾಮಾನ್ಯವಾಗಿ ಸುತ್ತಲಿನ ಬಿಸಿ 40 ಡಿಗ್ರಿ ಅನ್ನುವ ಲೆಕ್ಕದ್ದು. ನಮ್ಮ ಮೇ ಬಿಸಿಲು ಅದನ್ನೂ ದಾಟುತ್ತೆ, ಅಲ್ವಾ? ಆಗ ನಡುನಡುವೆ ಮಷೀನ್ ಆರಲು ಬಿಡಿ.