ತೆರೆದ ಹರಿವಿನ ರೆಸ್ಪಿರೋಮೀಟರ್: ಇಲಿಗೆ ಸೈ, ಸುಂಡಿಲಿಗೆ ಎಚ್ಚರ

ಪಂಪು, ಹರಿವಿನ ಮಾಪಕ, 2 ಲೀಟರಿನ ಅಕ್ರಿಲಿಕ್ ಕೋಣೆ, ಇಂಧನಕೋಶ ಮಾದರಿಯ ಆಮ್ಲಜನಕ ಸಂವೇದಕ: ಕೋಣೆಯ ಮೂಲಕ ಗಾಳಿ ಹರಿಸಿ, ಒಳಗಿನ ಪ್ರಾಣಿ ಎಷ್ಟು ಆಮ್ಲಜನಕ ಬಳಸಿತೆಂದು ಅಳೆಯುವ ಈ ಸೆಟ್ಟಿನಲ್ಲಿ ಇರುವುದಿಷ್ಟು. ಜೋಡಣೆ ಸುಲಭ, ಪಂಪು ನಿಶ್ಶಬ್ದ.

ತೊಂದರೆ ಇರುವುದು ಸಣ್ಣ ಪ್ರಾಣಿಗಳಲ್ಲಿ. ಶರೀರವಿಜ್ಞಾನಿ ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ತೋರಿಸಿದಂತೆ ಸಸ್ತನಿಗಳ ಮೂಲ ಚಯಾಪಚಯ ದರ (ವಿಶ್ರಾಂತಿಯಲ್ಲಿ ದೇಹ ಶಕ್ತಿ ಬಳಸುವ ವೇಗ) ಹೆಚ್ಚುಕಡಿಮೆ ತೂಕದ ¾ ಘಾತಕ್ಕೆ ಅನುಗುಣ. ಆ ಲೆಕ್ಕದಲ್ಲಿ 300 ಗ್ರಾಂ ಇಲಿ ನಿಮಿಷಕ್ಕೆ ಸುಮಾರು 4 ಮಿ.ಲೀ. ಆಮ್ಲಜನಕ ಬಳಸಿದರೆ, 25 ಗ್ರಾಂ ಸುಂಡಿಲಿ ಬಳಸುವುದು 0.64 ಮಿ.ಲೀ. ಮಾತ್ರ. ನಿಮಿಷಕ್ಕೆ 500 ಮಿ.ಲೀ. ಗಾಳಿ ಹರಿಸಿದರೆ ಇಲಿಗೆ ಆಮ್ಲಜನಕದಲ್ಲಿ ಶೇ. 0.8ರಷ್ಟು ಇಳಿಕೆ ಸ್ಪಷ್ಟವಾಗಿ ಕಾಣುತ್ತದೆ, ಸುಂಡಿಲಿಯದು ಶೇ. 0.13, ಸಂವೇದಕದ ಅಲೆದಾಟದಲ್ಲೇ ಮುಳುಗಿಹೋಗಬಹುದು. ಸುಂಡಿಲಿಗೆ ಅರ್ಧ ಲೀಟರಿನ ಕೋಣೆ, ನಿಮಿಷಕ್ಕೆ 200 ಮಿ.ಲೀ. ಹರಿವು ಸಾಕು. ಅರ್ಧ ಗಂಟೆಗೊಮ್ಮೆ ಖಾಲಿ ಗಾಳಿಯ (ಪ್ರಾಣಿಯನ್ನು ಹಾಯದ ಗಾಳಿಯ) ಓದು ತೆಗೆದುಕೊಳ್ಳಲೇಬೇಕು.

2 ಲೀಟರಿನ ಕೋಣೆಯಲ್ಲಿ, 500 ಮಿ.ಲೀ. ಹರಿವಿಗೆ, ಓದು ಶೇ. 95 ಸ್ಥಿರವಾಗಲು 12 ನಿಮಿಷ ಬೇಕು. ಅದಕ್ಕೆ ಮುಂಚಿನ ಅಂಕಿಗಳನ್ನು ಬಿಟ್ಟುಬಿಡಿ. ಗಾಳಿಯನ್ನು ಒಣಗಿಸದಿದ್ದರೆ ನೀರಾವಿ ಆಮ್ಲಜನಕವನ್ನು ತೆಳುಮಾಡಿ ದರವನ್ನು ಹಿಗ್ಗಿಸುತ್ತದೆ.

ತಂತ್ರಾಂಶದ ಬಗ್ಗೆ ಮಾತ್ರ ನಿಜಕ್ಕೂ ಬೇಸರವಿದೆ. ಅದು ಎಲ್ಲವನ್ನೂ ಪ್ರತಿ ಗ್ರಾಂಗೆ ಭಾಗಿಸಿಯೇ ಕೊಡುತ್ತದೆ. 12 ಪಟ್ಟು ತೂಕಕ್ಕೆ ದರ ಏರುವುದು 6.4 ಪಟ್ಟು ಮಾತ್ರ. ಹೀಗೆ ಭಾಗಿಸಿದರೆ ಚಿಕ್ಕ ಪ್ರಾಣಿ ಸುಮ್ಮನೆ ಚುರುಕಾಗಿ ಕಾಣುತ್ತದೆ. ಕಚ್ಚಾ ದತ್ತಾಂಶ ತೆಗೆದು ತೂಕ, ದರ ಎರಡರ ಲಾಗರಿದಮ್ ಹಾಕಿ ನೋಡಿ, ಆ ಗೆರೆಯ ಇಳಿಜಾರೇ ಘಾತ. ತೂಕದ ವ್ಯಾಪ್ತಿ ಎರಡೇ ಪಟ್ಟಿದ್ದರೆ ⅔ ಘಾತಕ್ಕೂ (ದೇಹದ ಮೇಲ್ಮೈಯ ಲೆಕ್ಕ) ¾ ಘಾತಕ್ಕೂ ದರದಲ್ಲಿ ಬರುವ ವ್ಯತ್ಯಾಸ ಶೇ. 6, ಈ ಯಂತ್ರಕ್ಕೆ ಅದನ್ನು ಬೇರ್ಪಡಿಸುವುದು ಕಷ್ಟ.